ಆಲ್ ಗ್ರೀನ್ ದನಿಯ ಹಿಂದಿದ್ದ ಕಿವಿ: ವಿಲ್ಲಿ ಮಿಚೆಲ್ ಯಾರು, ಅವರು ಮಾಡಿದ್ದೇನು?

ರೀಲ್ಸ್‌ನಲ್ಲೋ, ಹಳೆಯ ಹಾಲಿವುಡ್ ಸಿನಿಮಾದಲ್ಲೋ, ಕಾಫಿ ಶಾಪಿನ ಸ್ಪೀಕರಿನಲ್ಲೋ ‘ಲೆಟ್ಸ್ ಸ್ಟೇ ಟುಗೆದರ್’ ಹಾಡು ಒಮ್ಮೆಯಾದರೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಇಷ್ಟವಾಗಿ ಆ್ಯಪ್‌ನಲ್ಲಿ ಅದರ ಕ್ರೆಡಿಟ್ಸ್ ತೆರೆದು ನೋಡಿದರೆ, ಹಾಡಿದವರು ಆಲ್ ಗ್ರೀನ್ ಎಂದಿರುತ್ತದೆ. ಬರೆದವರ ಜಾಗದಲ್ಲಿ ಮೂರು ಹೆಸರು. ಆಮೇಲೆ ಪ್ರೊಡ್ಯೂಸರ್ ಅಂತ ಇನ್ನೊಂದು ಸಾಲು, ಅಲ್ಲಿ ವಿಲ್ಲಿ ಮಿಚೆಲ್.

ಹಾಡಿದವರು ಏನು ಮಾಡಿದರು ಅಂತ ಗೊತ್ತು, ಬರೆದವರು ಏನು ಮಾಡಿದರು ಅಂತಲೂ ಗೊತ್ತು. ಈ ಪ್ರೊಡ್ಯೂಸರ್ ಮಾಡಿದ್ದೇನು? ಹಾಡು ಚೆನ್ನಾಗಿ ಬಂದದ್ದಕ್ಕೂ ಅವರಿಗೂ ಏನು ಸಂಬಂಧ? ಇದಕ್ಕೆ ಉತ್ತರ ಹುಡುಕುವುದಕ್ಕೆ ಮಿಚೆಲ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದೇ ಊರು, ಒಂದೇ ಕಟ್ಟಡ, ಹೆಚ್ಚುಕಮ್ಮಿ ಅದೇ ವಾದ್ಯಗಾರರನ್ನು ಇಟ್ಟುಕೊಂಡು, ಕೇಳಿದ ಕೂಡಲೇ ‘ಇದು ಅವರದ್ದೇ’ ಅನ್ನಿಸುವ ಹಾಡುಗಳನ್ನು ವರ್ಷಗಟ್ಟಲೆ ಮಾಡಿದವರು ಅವರು.

## ಸೋಲ್ ಅಂದರೆ ಯಾವ ಸಂಗೀತ?

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುವ ಭಕ್ತಿಗೀತೆಗಳಿಗೆ ಗಾಸ್ಪೆಲ್ ಎನ್ನುತ್ತಾರೆ. ಒಬ್ಬರು ಹಾಡುತ್ತಾರೆ, ಸಭೆ ಉತ್ತರ ಕೊಡುತ್ತದೆ, ಚಪ್ಪಾಳೆ ಬೀಳುತ್ತದೆ, ಹಾಡುವವರು ಮೈಮರೆತು ಕೂಗುತ್ತಾರೆ, ಅಳುತ್ತಾರೆ. ಇನ್ನೊಂದು ಕಡೆ ಬ್ಲೂಸ್, ಆರ್ ಅಂಡ್ ಬಿ. ಅವು ಸಂಸಾರದ, ದುಡ್ಡಿನ, ಪ್ರೀತಿಯ, ಕುಡಿತದ ಹಾಡುಗಳು. 1950ರ ದಶಕದ ಕೊನೆಯ ಹೊತ್ತಿಗೆ ಈ ಎರಡೂ ಬೆರೆತವು. ಚರ್ಚಿನ ದನಿ, ಚರ್ಚಿನ ಆವೇಶ, ಆದರೆ ಹಾಡುವುದು ಮಾತ್ರ ಪ್ರೇಯಸಿಗೆ. ಇದನ್ನೇ ಸೋಲ್ ಎಂದು ಕರೆದರು. ಚರ್ಚಿನವರಿಗೆ ಇದು ಸುತರಾಂ ಹಿಡಿಸಲಿಲ್ಲ. ಆ ಜಗಳ ಮುಂದೆ ಈ ಕಥೆಯಲ್ಲೂ ಬರುತ್ತದೆ.

1960ರ ದಶಕದಲ್ಲಿ ಸೋಲ್‌ಗೆ ಒಂದೊಂದು ಊರಲ್ಲಿ ಒಂದೊಂದು ರುಚಿ. ಡೆಟ್ರಾಯ್ಟ್‌ನಲ್ಲಿ ಮೋಟೌನ್ ಕಂಪನಿ ಇತ್ತು, ಅದರದ್ದು ನಯವಾದ ಹಾಡುಗಳು. ಟೆನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ ಸ್ಟ್ಯಾಕ್ಸ್ ಕಂಪನಿ ಇತ್ತು. ಓಟಿಸ್ ರೆಡ್ಡಿಂಗ್ ಅಲ್ಲೇ ಹಾಡಿದ್ದು. ಸ್ಟ್ಯಾಕ್ಸ್‌ನದು ಬೆವರು ಸುರಿಸುವ ಸಂಗೀತ. ಟ್ರಂಪೆಟ್, ಸ್ಯಾಕ್ಸೊಫೋನ್ ಎದೆಗೆ ಗುದ್ದಿದ ಹಾಗೆ ಬರುತ್ತವೆ. ಅದೇ ಮೆಂಫಿಸ್‌ನಲ್ಲಿ, ಸ್ಟ್ಯಾಕ್ಸ್‌ನಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಹೈ ರೆಕಾರ್ಡ್ಸ್ ಎಂಬ ಚಿಕ್ಕ ಕಂಪನಿಯೊಂದಿತ್ತು. ಮಿಚೆಲ್ ಇದ್ದದ್ದು ಇಲ್ಲಿ.

## ಪ್ರೊಡ್ಯೂಸರ್ ಕೆಲಸ ಏನು?

ಸಿನಿಮಾದಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು ಅಂತಲೇ ನಮಗೆ ರೂಢಿ. ರೆಕಾರ್ಡ್ ಪ್ರೊಡ್ಯೂಸರ್ ಹಾಗಲ್ಲ. ಯಾವ ಹಾಡು, ಯಾವ ಶ್ರುತಿಯಲ್ಲಿ, ಎಷ್ಟು ವೇಗದಲ್ಲಿ, ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು, ಹಾಡಿದ ಹತ್ತು ಸಲದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಇದನ್ನೆಲ್ಲ ತೀರ್ಮಾನಿಸುವವರು ಅವರು. ಸೌಂಡ್ ಎಂಜಿನಿಯರ್ ಮೈಕು, ಟೇಪು ನೋಡಿಕೊಳ್ಳುತ್ತಾರೆ. ಅರೇಂಜರ್ ಪಿಟೀಲಿನವರಿಗೂ ಟ್ರಂಪೆಟ್‌ನವರಿಗೂ ಸ್ವರ ಬರೆದುಕೊಡುತ್ತಾರೆ. ಮಿಚೆಲ್ ಇವೆರಡನ್ನೂ ಬಲ್ಲವರು. ಸ್ವತಃ ಟ್ರಂಪೆಟ್ ನುಡಿಸುವವರು, ಸ್ವರ ಬರೆಯುವವರು, ಸದ್ದು ಹದಗೊಳಿಸುವ ಕನ್ಸೋಲ್ ಮುಂದೆ ತಾವೇ ಕೂರುವವರು.

ಆದರೂ ಇದೆಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ, ಅದು ಕ್ರೆಡಿಟ್ಸ್‌ನಲ್ಲಿ ಕಾಣುವುದಿಲ್ಲ. ಹಾಡುವವರಿಗೆ ತಮ್ಮ ದನಿ ಹೊರಗೆ ಹೇಗೆ ಕೇಳುತ್ತಿದೆ ಅಂತ ಗೊತ್ತಾಗುವುದಿಲ್ಲ. ಅದನ್ನು ಹೊರಗೆ ನಿಂತು ಕೇಳಿ, ‘ಇದು ಸಾಕು, ಇದು ಜಾಸ್ತಿ ಆಯಿತು’ ಅಂತ ಹೇಳುವವರು ಒಬ್ಬರು ಬೇಕು. ಮಿಚೆಲ್ ಹೇಳುತ್ತಿದ್ದದ್ದು ಬಹುತೇಕ ಎರಡನೆಯದು.

## ಬ್ಯಾಂಡ್ ಮೇಷ್ಟ್ರು

ವಿಲ್ಲಿ ಮಿಚೆಲ್ ಹುಟ್ಟಿದ್ದು 1928ರ ಮಾರ್ಚ್ 1ರಂದು, ಮಿಸಿಸಿಪ್ಪಿಯ ಆ್ಯಶ್‌ಲ್ಯಾಂಡ್ ಎಂಬ ಸಣ್ಣ ಊರಲ್ಲಿ. ಚಿಕ್ಕಂದಿನಲ್ಲೇ ಮೆಂಫಿಸ್‌ಗೆ ಬಂದರು, ಟ್ರಂಪೆಟ್ ಕಲಿತರು. 1950ರ ದಶಕದಲ್ಲಿ ಅವರದ್ದೇ ಬ್ಯಾಂಡ್. ಜಾರ್ಜ್ ಕೋಲ್‌ಮನ್, ಚಾರ್ಲ್ಸ್ ಲಾಯ್ಡ್ ತರಹದವರು, ಮುಂದೆ ಜಾಝ್‌ನಲ್ಲಿ ದೊಡ್ಡ ಹೆಸರು ಮಾಡಿದವರು, ಈ ಬ್ಯಾಂಡಿನಲ್ಲಿ ಕೂತು ನುಡಿಸಿ ಹೋಗಿದ್ದಾರೆ.

ಮಿಸಿಸಿಪ್ಪಿ ನದಿ ದಾಟಿದರೆ ಆರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್. ಅಲ್ಲಿ ಪ್ಲಾಂಟೇಷನ್ ಇನ್ ಅಂತ ಒಂದು ಕ್ಲಬ್ಬು. ವೇದಿಕೆ ಮೇಲೆ ಕಪ್ಪು ವಾದ್ಯಗಾರರು, ಕೆಳಗೆ ಕುಣಿಯುವವರು ಬಿಳಿಯರು ಮಾತ್ರ. ಕಾನೂನೇ ಹಾಗಿದ್ದ ಕಾಲ. ಮಿಚೆಲ್ ಬ್ಯಾಂಡ್ ಅಲ್ಲಿ ನುಡಿಸುತ್ತಿತ್ತು. ಮೆಂಫಿಸ್‌ನ ಬಿಳಿ ಹುಡುಗರು ನದಿ ದಾಟಿ ಬಂದು ಕಿವಿ ಕೊಟ್ಟು ಕೇಳುತ್ತಿದ್ದರು. ಅವರಲ್ಲಿ ಕೆಲವರು ಮುಂದೆ ಸ್ಟ್ಯಾಕ್ಸ್‌ನಲ್ಲಿ ವಾದ್ಯಗಾರರಾದರು. ಊರಿಗೆ ಊರೇ ಎರಡಾಗಿ ಬದುಕುತ್ತಿದ್ದರೂ ಸಂಗೀತ ಮಾತ್ರ ಈ ಥರ ಕಳ್ಳದಾರಿಯಲ್ಲಿ ದಾಟುತ್ತಲೇ ಇತ್ತು.

ಕುಣಿಯುವವರ ಮುಂದೆ ವರ್ಷಗಟ್ಟಲೆ ನುಡಿಸಿದವರಿಗೆ ಒಂದು ವಿದ್ಯೆ ಬಂದುಬಿಡುತ್ತದೆ. ತಾಳ ಸ್ವಲ್ಪ ಅವಸರ ಮಾಡಿದರೆ ಜನ ಸುಸ್ತಾಗಿ ಕೂರುತ್ತಾರೆ, ಸ್ವಲ್ಪ ಎಳೆದರೆ ಬೇಜಾರಾಗಿ ಕೂರುತ್ತಾರೆ. ಸರಿಯಾದ ವೇಗ ಯಾವುದು ಅಂತ ಅವರ ಕಾಲೇ ಹೇಳುತ್ತದೆ. ಮಿಚೆಲ್ ಸ್ಟುಡಿಯೊಗೆ ಬರುವಾಗ ಈ ವಿದ್ಯೆ ಹೊತ್ತುಕೊಂಡೇ ಬಂದರು.

ಹೈ ರೆಕಾರ್ಡ್ಸ್ ಶುರುವಾಗಿದ್ದು 1957ರಲ್ಲಿ. ಮಾಲೀಕರಲ್ಲಿ ಮುಖ್ಯರಾದವರು ಜೋ ಕುವಾಗಿ, ಮೆಂಫಿಸ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಬಿಳಿಯ ವ್ಯಾಪಾರಿ. ಆಗ ಅಲ್ಲಿ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಹಾಡಿಲ್ಲದ ವಾದ್ಯಸಂಗೀತ. ಎಲ್ವಿಸ್ ಪ್ರೀಸ್ಲಿ ಜೊತೆ ಬೇಸ್ (ತಗ್ಗು ಸ್ವರದ ತಂತಿವಾದ್ಯ) ನುಡಿಸುತ್ತಿದ್ದ ಬಿಲ್ ಬ್ಲ್ಯಾಕ್ ಅವರ ತಂಡವೇ ಕಂಪನಿಗೆ ಅನ್ನ ಹಾಕುತ್ತಿತ್ತು. 1960ರ ದಶಕದ ಆರಂಭದಲ್ಲಿ ಮಿಚೆಲ್ ಇಲ್ಲಿ ಸೇರಿಕೊಂಡರು. ಅವರದ್ದೂ ಕೆಲವು ವಾದ್ಯದ ರೆಕಾರ್ಡುಗಳು ಬಂದವು. 1968ರ ‘ಸೋಲ್ ಸೆರೆನೇಡ್’ ದೇಶದಾದ್ಯಂತ ಓಡಿತು. ನಿಧಾನಕ್ಕೆ ಕಂಪನಿಯ ಬೇರೆ ಕಲಾವಿದರ ರೆಕಾರ್ಡಿಂಗೂ ಅವರ ಕೈಗೆ ಬಂತು. 1970ರಲ್ಲಿ ಕುವಾಗಿ ತೀರಿಕೊಂಡರು. ಅಲ್ಲಿಂದಾಚೆ ಹೈ ಕಂಪನಿಯ ಸಂಗೀತದ ಚುಕ್ಕಾಣಿ ಪೂರ್ತಿ ಮಿಚೆಲ್ ಕೈಯಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಇದೇ ಮೆಂಫಿಸ್‌ನಲ್ಲಿ ಗುಂಡಿಕ್ಕಿ ಕೊಂದು ಇನ್ನೂ ಎರಡು ವರ್ಷ ಆಗಿತ್ತಷ್ಟೆ. ಅಂಥ ಊರಲ್ಲಿ ಒಬ್ಬ ಕಪ್ಪು ವ್ಯಕ್ತಿ ಒಂದು ರೆಕಾರ್ಡ್ ಕಂಪನಿ ನಡೆಸುವುದು ಸಣ್ಣ ಮಾತಲ್ಲ.

## ಟಾಕೀಸಿನೊಳಗೆ ಸ್ಟುಡಿಯೊ

ಹೈ ಹಾಡುಗಳು ರೆಕಾರ್ಡ್ ಆದದ್ದು ರಾಯಲ್ ಸ್ಟುಡಿಯೋಸ್‌ನಲ್ಲಿ. ದಕ್ಷಿಣ ಮೆಂಫಿಸ್‌ನ ಲಾಡರ್‌ಡೇಲ್ ರಸ್ತೆಯಲ್ಲಿದ್ದ ಹಳೆಯ ಸಿನಿಮಾ ಮಂದಿರ ಅದು. ಟಿವಿ ಬಂದ ಮೇಲೆ ಬಡಾವಣೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಬಾಡಿಗೆ ಅಗ್ಗ, ಜಾಗ ದೊಡ್ಡದು. ಸ್ಟ್ಯಾಕ್ಸ್ ಕೂಡ ಇಂಥದ್ದೇ ಇನ್ನೊಂದು ಟಾಕೀಸಿನಲ್ಲಿತ್ತು.

ನಮ್ಮೂರಿನ ಹಳೆಯ ಟಾಕೀಸು ನೋಡಿದವರಿಗೆ ಇದರ ಒಳಗು ಕಲ್ಪಿಸಿಕೊಳ್ಳುವುದು ಸುಲಭ. ಹಿಂದಿನ ಸೀಟಿನಿಂದ ಗಾಂಧಿ ಕ್ಲಾಸಿನ ಕಡೆಗೆ ನೆಲ ಇಳಿಜಾರಾಗಿ ಹೋಗುತ್ತದೆ, ಅಲ್ವಾ? ರಾಯಲ್‌ನಲ್ಲಿ ಕುರ್ಚಿಗಳನ್ನು ಕಿತ್ತರು, ನೆಲ ಮಾತ್ರ ಸಮ ಮಾಡಲಿಲ್ಲ. ಇಳಿಜಾರು ಹಾಗೇ ಉಳಿಯಿತು. ಇದರಿಂದ ಸದ್ದಿಗೆ ಒಂದು ಲಾಭವಿದೆ. ಚೌಕಾಕಾರದ ಕೋಣೆಯಲ್ಲಿ ನೆಲ, ಸೂರು ಒಂದಕ್ಕೊಂದು ಸಮನಾಗಿ ಎದುರುಬದುರು ಇರುತ್ತವೆ. ಸದ್ದು ಅವುಗಳ ನಡುವೆ ಪುಟಿದು ಪುಟಿದು, ಕೆಲವು ಸ್ವರಗಳು ಬೇಡದಿದ್ದರೂ ಊದಿಕೊಳ್ಳುತ್ತವೆ. ನೆಲ ಓರೆಯಾಗಿದ್ದರೆ ಸದ್ದು ಒಂದೇ ದಾರಿಯಲ್ಲಿ ಹೋಗಿ ಬರುವುದು ತಪ್ಪುತ್ತದೆ. ಜೊತೆಗೆ ಕೋಣೆಯ ಒಂದು ತುದಿಯಲ್ಲಿ ಸೂರು ಹತ್ತಿರ, ಇನ್ನೊಂದು ತುದಿಯಲ್ಲಿ ದೂರ. ಡ್ರಮ್ಸ್ ಎಲ್ಲಿಟ್ಟರೆ ಯಾವ ಸದ್ದು ಬರುತ್ತದೆ ಅಂತ ಒಬ್ಬರು ಹುಡುಕುತ್ತಾ ಹೋಗಬಹುದು, ಮಿಚೆಲ್ ಹೋದರು. ಗೋಡೆಗಳಿಗೆ ಗ್ಲಾಸ್ ಫೈಬರು ತುಂಬಿ, ಮೇಲೆ ಗೋಣಿ ಬಟ್ಟೆ ಹೊದಿಸಿದರು. ನೋಡುವುದಕ್ಕೆ ಏನೂ ಚೆಂದವಿಲ್ಲ. ಆದರೆ ಪ್ರತಿಧ್ವನಿ ಹೀರಿಕೊಳ್ಳುವುದಕ್ಕೆ ಅದು ಸಾಕು. ಹೈ ಹಾಡುಗಳಲ್ಲಿ ಡ್ರಮ್ಸು ‘ಟಣ್’ ಅನ್ನುವ ಬದಲು ‘ಢಬ್’ ಅನ್ನುವುದರಲ್ಲಿ, ನುಡಿಸುವವರ ಕೈಯ ಜೊತೆಗೆ ಈ ಗೋಣಿ ಬಟ್ಟೆಯ ಪಾಲೂ ಇದೆ.

## ಯಾವಾಗಲೂ ಅದೇ ಜನ

ಇನ್ನೊಂದು ಗುಟ್ಟು ಮನೆಮಂದಿಯಂಥ ಬ್ಯಾಂಡು. ಆಗ ದೊಡ್ಡ ಸ್ಟುಡಿಯೊಗಳಲ್ಲಿ ಖಾಯಂ ವಾದ್ಯಗಾರರ ತಂಡ ಇರುತ್ತಿತ್ತು, ಹಾಡುವವರು ಬರುತ್ತಾರೆ ಹೋಗುತ್ತಾರೆ, ತಂಡ ಅದೇ. ಹೈ ತಂಡದ ಬೆನ್ನೆಲುಬು ಹಾಜಸ್ ಮನೆಯ ಮೂವರು ಅಣ್ಣತಮ್ಮಂದಿರು. ಗಿಟಾರ್‌ಗೆ ಮೇಬನ್, ಎಲ್ಲರೂ ಕರೆಯುವುದು ಟೀನಿ ಅಂತ. ಬೇಸ್‌ಗೆ ಲೀರಾಯ್, ಆರ್ಗನ್‌ಗೆ ಚಾರ್ಲ್ಸ್. ಟೀನಿ ಇನ್ನೂ ಹುಡುಗನಾಗಿದ್ದಾಗಲೇ ಮಿಚೆಲ್ ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಕಲಿಸಿದ್ದರು. ಡ್ರಮ್ಸ್‌ಗೆ ಹೊವರ್ಡ್ ಗ್ರೈಮ್ಸ್, ಕೆಲವು ಹಾಡುಗಳಿಗೆ ಸ್ಟ್ಯಾಕ್ಸ್‌ನ ಆಲ್ ಜಾಕ್ಸನ್. ಈ ಜಾಕ್ಸನ್ ಕೂಡ ಹಿಂದೆ ಮಿಚೆಲ್ ಬ್ಯಾಂಡಿನಲ್ಲೇ ಬೆಳೆದವರು. ಟ್ರಂಪೆಟ್‌ಗೆ ವೇಯ್ನ್ ಜಾಕ್ಸನ್, ಬಿಳಿಯರು. ಪಕ್ಕದಲ್ಲಿ ಸ್ಯಾಕ್ಸೊಫೋನ್ ಹಿಡಿದ ಆ್ಯಂಡ್ರೂ ಲವ್, ಕಪ್ಪು ಜನ. ವಿಲ್ಲಿಯ ತಮ್ಮ ಜೇಮ್ಸ್ ಮಿಚೆಲ್ ದೊಡ್ಡ ಸ್ಯಾಕ್ಸೊಫೋನ್ ಊದುತ್ತಿದ್ದರು, ಪಿಟೀಲುಗಳಿಗೆ ಸ್ವರ ಬರೆಯುತ್ತಿದ್ದರು. ಹಿಂದೆ ಕೋರಸ್ ಹಾಡುತ್ತಿದ್ದವರು ಡಾನಾ ರೋಡ್ಸ್, ಸಾಂಡ್ರಾ ರೋಡ್ಸ್ ಮತ್ತು ಚಾರ್ಲ್ಸ್ ಚಾಮರ್ಸ್. ಆ ಮೂವರೂ ಬಿಳಿಯರು.

ಅದೇ ಜನ ವರ್ಷಗಟ್ಟಲೆ ಒಟ್ಟಿಗೆ ನುಡಿಸಿದರೆ ಮಾತು ಬೇಕಾಗುವುದಿಲ್ಲ. ಒಂದು ಉದಾಹರಣೆಗೆ ತಾಳ ನೋಡಿ. ನಾಲ್ಕು ಎಣಿಕೆಯ ತಾಳದಲ್ಲಿ ಎರಡು ಮತ್ತು ನಾಲ್ಕನೇ ಎಣಿಕೆಗೆ ಡ್ರಮ್ಮಿನ ಪೆಟ್ಟು ಬೀಳಬೇಕು. ಹೈ ತಂಡದವರು ಆ ಪೆಟ್ಟನ್ನು ಸರಿಯಾದ ಗಳಿಗೆಗಿಂತ ಕೂದಲೆಳೆಯಷ್ಟು ತಡವಾಗಿ ಹಾಕುತ್ತಾರೆ. ತಾಳ ತಪ್ಪುವುದಿಲ್ಲ, ಆದರೆ ಹಾಡು ಸೋಫಾದ ಮೇಲೆ ಒರಗಿದ ಹಾಗೆ ಆರಾಮಾಗಿ ಸಾಗುತ್ತದೆ. ಇದನ್ನು ಕಾಗದದ ಮೇಲೆ ಬರೆದು ಕೊಡಲು ಬರುವುದಿಲ್ಲ. ಒಬ್ಬರು ತಡ ಮಾಡಿ ಇನ್ನೊಬ್ಬರು ಮಾಡದಿದ್ದರೆ ಎಲ್ಲ ಕೆಟ್ಟುಹೋಗುತ್ತದೆ. ಐದಾರು ಜನ ಒಟ್ಟಿಗೆ ಅಷ್ಟೇ ತಡ ಮಾಡಬೇಕು.

## ಆಲ್ ಗ್ರೀನ್ ಬಾಗಿಲು ತಟ್ಟಿದ್ದು

1960ರ ದಶಕದ ಕೊನೆ. ಮಿಚೆಲ್ ಬ್ಯಾಂಡು ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿ ಕಾರ್ಯಕ್ರಮ ಕೊಡುತ್ತಿತ್ತು. ಅಲ್ಲಿಗೆ ಆಲ್ ಗ್ರೀನ್ ಬಂದರು, ಇಪ್ಪತ್ತೆರಡು-ಇಪ್ಪತ್ಮೂರರ ಯುವಕ. ಒಂದು ಹಾಡು ಹಿಟ್ ಆಗಿತ್ತು, ಆಮೇಲೆ ಏನೂ ಆಗಿರಲಿಲ್ಲ, ಕೈಯಲ್ಲಿ ಕಾಸಿಲ್ಲ. ಅವರ ದನಿ ಕೇಳಿದ ಮಿಚೆಲ್, ನನ್ನ ಜೊತೆ ಮೆಂಫಿಸ್‌ಗೆ ಬಾ, ಸ್ಟಾರ್ ಮಾಡುತ್ತೇನೆ ಎಂದರಂತೆ. ಎಷ್ಟು ದಿನ ಬೇಕು ಅಂತ ಗ್ರೀನ್ ಕೇಳಿದರು. ಹದಿನೆಂಟು ತಿಂಗಳು ಎಂದು ಉತ್ತರ. ಅಷ್ಟೊಂದು ಟೈಮ್ ನನ್ನ ಹತ್ತಿರ ಇಲ್ಲ ಎಂದರಂತೆ ಗ್ರೀನ್.

ಮಿಚೆಲ್ ಸಂದರ್ಶನಗಳಲ್ಲಿ ಈ ಕಥೆಯನ್ನು ಇಷ್ಟಪಟ್ಟು ಹೇಳುತ್ತಿದ್ದರು. ಗ್ರೀನ್ ಸಾಲ ತೀರಿಸಬೇಕು ಅಂತ 1,500 ಡಾಲರ್ ತೆಗೆದುಕೊಂಡು ಹೋದವರು ಎಷ್ಟು ದಿನವಾದರೂ ಪತ್ತೆಯಿಲ್ಲ. ದುಡ್ಡು ಹೋಯಿತು ಅಂತಲೇ ಲೆಕ್ಕ. ಆಮೇಲೆ ಒಂದು ದಿನ ಬೆಳಗಿನ ಜಾವ ಯಾರೋ ಬಾಗಿಲು ತಟ್ಟಿದರು. ಆಗ ಮಿಚೆಲ್ ಮನೆಯಲ್ಲಿ ರಿಪೇರಿ ನಡೆಯುತ್ತಿತ್ತು. ಬಂದವರು ಮನೆ ಕೆಲಸದವರೇ ಇರಬೇಕು ಎಂದುಕೊಂಡರು. ನೋಡಿದರೆ ಗ್ರೀನ್!

ಇಲ್ಲಿಂದ ಮುಂದಿನದು ಪ್ರೊಡ್ಯೂಸರ್ ಕೆಲಸ ಏನು ಅಂತ ಅರ್ಥ ಮಾಡಿಕೊಳ್ಳಲು ತುಂಬಾ ಒಳ್ಳೆಯ ಪಾಠ. ಗ್ರೀನ್‌ಗೆ ಆಗ ಓಟಿಸ್ ರೆಡ್ಡಿಂಗ್, ಜೇಮ್ಸ್ ಬ್ರೌನ್, ಜಾಕಿ ವಿಲ್ಸನ್ ತರಹ ಹಾಡುವ ಆಸೆ. ಗಂಟಲು ಬಿಟ್ಟು ಕೂಗಬೇಕು, ಸೋಲ್ ಅಂದರೆ ಅದೇ ಅಂತ ಎಲ್ಲರ ನಂಬಿಕೆ. ಮಿಚೆಲ್ ಕೇಳಿಸಿಕೊಂಡದ್ದೇ ಬೇರೆ. ಕೂಗುವಾಗ ಗ್ರೀನ್ ಹತ್ತು ಜನರಲ್ಲಿ ಒಬ್ಬರು. ಮೆಲ್ಲಗೆ ಹಾಡಿದಾಗ, ದನಿ ಮೇಲಕ್ಕೆ ಹೋಗಿ ಇನ್ನೇನು ಒಡೆಯುತ್ತದೆ ಅನ್ನುವಷ್ಟು ತೆಳ್ಳಗಾದಾಗ, ಅಂಥ ದನಿ ಇನ್ನೊಂದಿಲ್ಲ. ಆದ್ದರಿಂದ ಕಡಿಮೆ ಹಾಡು, ಮೆಲ್ಲಗೆ ಹಾಡು, ನಿನ್ನ ಥರ ಹಾಡು ಅಂತ ಬೆನ್ನು ಹತ್ತಿದರು.

ಒಂದೇ ಸಲಕ್ಕೆ ಆಗಲಿಲ್ಲ. 1970ರಲ್ಲಿ ಟೆಂಪ್ಟೇಷನ್ಸ್ ತಂಡದ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’ ಹಾಡನ್ನು ವೇಗ ಇಳಿಸಿ ಹಾಡಿಸಿದರು. ಅದರಲ್ಲಿ ಒರಟುತನ ಇನ್ನೂ ಇದೆ. 1971ರ ‘ಟಯರ್ಡ್ ಆಫ್ ಬೀಯಿಂಗ್ ಅಲೋನ್’ ಹಾಡಲ್ಲಿ ಹೊಸ ದನಿ ಕಣ್ಣು ಬಿಟ್ಟಿತು, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೇ ಜಾಗ. ಆಮೇಲೆ ಬಂತು ‘ಲೆಟ್ಸ್ ಸ್ಟೇ ಟುಗೆದರ್’. ಮಿಚೆಲ್ ಮತ್ತು ಡ್ರಮ್ಮರ್ ಜಾಕ್ಸನ್ ಸೇರಿ ಟ್ಯೂನ್ ಮಾಡಿಟ್ಟಿದ್ದರು, ಗ್ರೀನ್ ಕೂತು ಸಾಹಿತ್ಯ ಬರೆದರು. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾಡಲು ಮಾತ್ರ ಜಗಳವೇ ಆಯಿತು. ಇಷ್ಟು ಮೆಲುದನಿಯಲ್ಲಿ ಹಾಡಿದರೆ ಗಂಡಸಿನ ಹಾಡು ಅನ್ನಿಸುವುದಿಲ್ಲ ಅಂತ ಗ್ರೀನ್ ಅನುಮಾನ, ಮಿಚೆಲ್ ಬಿಡಲಿಲ್ಲ. ಮತ್ತೆ ಹಾಡು, ಮತ್ತೆ ಹಾಡು. 1972ರ ಫೆಬ್ರವರಿಯಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡಾಯಿತು. ಕಪ್ಪು ಶ್ರೋತೃಗಳ ಆರ್ ಅಂಡ್ ಬಿ ಪಟ್ಟಿಯಲ್ಲಿ ಒಂಬತ್ತು ವಾರ ಮೇಲಿನಿಂದ ಇಳಿಯಲೇ ಇಲ್ಲ.

ಇದರ ಹಿಂದೆ ತಂತ್ರವೂ ಇದೆ. ಗ್ರೀನ್ ಹಾಡಿದ್ದು ಆರ್‌ಸಿಎ ಕಂಪನಿಯ 77ಡಿಎಕ್ಸ್ ಎಂಬ ಹಳೆಯ ರಿಬ್ಬನ್ ಮೈಕಿನಲ್ಲಿ. ರಾಯಲ್‌ನಲ್ಲಿ ಮೈಕುಗಳಿಗೆ ನಂಬರ್ ಹಾಕಿದ್ದರು, ಇದು 9ನೇ ನಂಬರಿನದು. ಈ ಜಾತಿಯ ಮೈಕಿನ ಒಳಗೆ ಅಯಸ್ಕಾಂತದ ನಡುವೆ ತೆಳ್ಳನೆಯ ಲೋಹದ ಪಟ್ಟಿ ತೂಗುಹಾಕಿರುತ್ತಾರೆ. ದನಿ ಬಡಿದಾಗ ಪಟ್ಟಿ ನಡುಗುತ್ತದೆ, ಆ ನಡುಕವೇ ವಿದ್ಯುತ್ತಾಗುತ್ತದೆ. ಚೂಪಾದ ಸದ್ದುಗಳನ್ನು ಇದು ಸ್ವಲ್ಪ ಮೃದು ಮಾಡುತ್ತದೆ, ಹತ್ತಿರ ಹೋಗಿ ಹಾಡಿದರೆ ದನಿಗೆ ತುಂಬಿದ ಗುಣ ಕೊಡುತ್ತದೆ. ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ ಕೇಳುವುದು ಇದಕ್ಕೇ.

ಇನ್ನೊಂದು, ಟ್ರ್ಯಾಕುಗಳು. ಆಗ ರಾಯಲ್‌ನಲ್ಲಿದ್ದದ್ದು ಎಂಟು ಟ್ರ್ಯಾಕಿನ ಟೇಪ್ ಯಂತ್ರ. ಅಂದರೆ ಒಂದೇ ಟೇಪಿನಲ್ಲಿ ಎಂಟು ಸದ್ದುಗಳನ್ನು ಬೇರೆಬೇರೆಯಾಗಿ ಅಕ್ಕಪಕ್ಕ ದಾಖಲಿಸಬಹುದು. ಮೊದಲು ಡ್ರಮ್ಸ್, ಬೇಸ್, ಗಿಟಾರ್, ಆರ್ಗನ್. ಅದನ್ನು ಕೇಳಿಸುತ್ತಾ ಗ್ರೀನ್ ಹಾಡುತ್ತಾರೆ. ಆಮೇಲೆ ಟ್ರಂಪೆಟ್, ಕೋರಸ್, ಕೊನೆಗೆ ಪಿಟೀಲು. ಗ್ರೀನ್ ದನಿಯನ್ನೇ ಇನ್ನೊಂದು ಟ್ರ್ಯಾಕಿನಲ್ಲಿ ಮತ್ತೆ ಹಾಡಿಸಿದರೆ ತಮ್ಮ ಸಾಲಿಗೆ ತಾವೇ ಗುನುಗಿ ಉತ್ತರ ಕೊಡಬಹುದು. ಚರ್ಚಿನಲ್ಲಿ ಸಭೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಬ್ಬರೇ ಮಾಡುತ್ತಾರೆ, ಅದೂ ನೂರು ಜನ ಕೂಗುವ ಕಡೆ ಒಬ್ಬರ ನಿಟ್ಟುಸಿರು. ಎಂಟೇ ಟ್ರ್ಯಾಕು ಇದ್ದದ್ದೂ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಬೇಡದ್ದನ್ನು ತುಂಬಲು ಜಾಗವೇ ಇರಲಿಲ್ಲ.

## ಮಳೆಹನಿಯ ಹಾಡು

ಮಿಚೆಲ್ ಅಂದರೆ ಆಲ್ ಗ್ರೀನ್ ಮಾತ್ರ ಅಲ್ಲ. ಆ್ಯನ್ ಪೀಬಲ್ಸ್ ಎಂಬ ಗಾಯಕಿ ಸೇಂಟ್ ಲೂಯಿಸ್‌ನಿಂದ ಬಂದವರು, ಸಣ್ಣ ಮೈಕಟ್ಟು, ದೊಡ್ಡ ದನಿ. 1973ರಲ್ಲಿ ಒಂದು ಸಂಜೆ ಅವರೂ, ಹೈ ಕಂಪನಿಗೆ ಹಾಡು ಬರೆಯುತ್ತಿದ್ದ, ಮುಂದೆ ಅವರ ಪತಿಯಾದ ಡಾನ್ ಬ್ರಯಂಟ್ ಅವರೂ, ರೇಡಿಯೊದವರಾದ ಬರ್ನಾರ್ಡ್ ಮಿಲ್ಲರ್ ಅವರೂ ಒಂದು ಕಾರ್ಯಕ್ರಮಕ್ಕೆ ಹೊರಟಿದ್ದರು. ಗುಡುಗು ಮಳೆ ಶುರುವಾಯಿತು. ಈ ಮಳೆ ನನಗೆ ಆಗುವುದೇ ಇಲ್ಲ ಅಂತ ಪೀಬಲ್ಸ್ ಗೊಣಗಿದರು. ಬ್ರಯಂಟ್ ಪಿಯಾನೊ ಮುಂದೆ ಕೂತರು. ಕಾರ್ಯಕ್ರಮಕ್ಕೆ ಹೋಗಲಿಲ್ಲ, ರಾತ್ರಿಗೆ ಹಾಡು ತಯಾರು. ಅದೇ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’.

ಸ್ಟುಡಿಯೊದಲ್ಲಿ ಆಗಷ್ಟೇ ಬಂದಿದ್ದ ಎಲೆಕ್ಟ್ರಿಕ್ ಟಿಂಬಾಲೆ ಎಂಬ ತಾಳವಾದ್ಯ ಇತ್ತು. ಅದರಲ್ಲಿ ‘ಟಪ್ ಟಪ್’ ಅಂತ ಮಳೆಹನಿಯ ಸದ್ದು ಬರುತ್ತಿತ್ತು. ಮೊದಲು ಅದನ್ನು ಹಾಡಿನ ಉದ್ದಕ್ಕೂ ನುಡಿಸಿದ್ದರಂತೆ. ಟೇಪ್ ಹಾಕಿ ಕೇಳುವಾಗ ಮಿಚೆಲ್ ಒಂದು ಸಲಹೆ ಕೊಟ್ಟರು: ಬೇರೆ ಯಾವುದೂ ಶುರುವಾಗುವ ಮುಂಚೆ, ಈ ಹನಿಗಳು ಮಾತ್ರ ಮೊದಲು ಕೇಳಲಿ. ಈಗ ಹಾಡು ಹಾಕಿದರೆ ಮೊದಲು ಬರೀ ಹನಿಗಳು. ಆಮೇಲೆ ಪೀಬಲ್ಸ್ ದನಿ, ಆಮೇಲೆ ಉಳಿದದ್ದು. ವಾದ್ಯ ಅದೇ, ಸ್ವರ ಅದೇ, ಅದರ ಸುತ್ತ ಇದ್ದದ್ದನ್ನು ಆಚೆ ಸರಿಸಿದರು ಅಷ್ಟೆ. ಪ್ರೊಡ್ಯೂಸರ್ ಏನು ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಈ ಹಾಡಿನ ಮೊದಲ ಕೆಲವು ಸೆಕೆಂಡು ಕೇಳಿಸುತ್ತೇನೆ.

## ಕಂಪನಿ ಹೋಯಿತು, ಕಟ್ಟಡ ಉಳಿಯಿತು

ಎಪ್ಪತ್ತರ ದಶಕದ ನಡುವೆ ಎಲ್ಲ ಒಟ್ಟಿಗೆ ಕುಸಿಯಿತು. 1974ರಲ್ಲಿ ಮನೆಯಲ್ಲೇ ನಡೆದ ಒಂದು ಘಟನೆಯಲ್ಲಿ ಗ್ರೀನ್ ಮೈ ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಅದಕ್ಕೂ ಮೊದಲೇ ಅವರ ಮನಸ್ಸು ದೇವರ ಕಡೆ ಎಳೆಯುತ್ತಿತ್ತು. 1976ರಲ್ಲಿ ಮೆಂಫಿಸ್‌ನಲ್ಲಿ ಚರ್ಚ್ ಕಟ್ಟಡವೊಂದನ್ನು ಕೊಂಡು ಪಾದ್ರಿಯಾದರು. ಮೊದಲೇ ಹೇಳಿದ ಆ ಜಗಳ, ಪ್ರೇಯಸಿಗೆ ಹಾಡಬೇಕೋ ದೇವರಿಗೆ ಹಾಡಬೇಕೋ ಅನ್ನುವುದು, ಗ್ರೀನ್ ಒಬ್ಬರ ಒಳಗೇ ನಡೆಯಿತು. 1975ರಲ್ಲಿ ಆಲ್ ಜಾಕ್ಸನ್ ಕೊಲೆಯಾದರು. ಅದೇ ವರ್ಷದ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಯಿತು. ಡಿಸ್ಕೊ ಬಂತು. 1977ರಲ್ಲಿ ಹೈ ಕಂಪನಿಯನ್ನು ಲಾಸ್ ಏಂಜಲೀಸ್‌ನ ಕ್ರೀಮ್ ರೆಕಾರ್ಡ್ಸ್ ಕೊಂಡುಕೊಂಡಿತು.

ಕಂಪನಿ ಮಾರಿದರು ಅಂದರೆ ಮಾರಿದ್ದೇನು? ಮುಖ್ಯವಾಗಿ ಮಾಸ್ಟರ್‌ಗಳು. ರೆಕಾರ್ಡಿಂಗಿನ ಮೂಲ ಪ್ರತಿಗೆ ಮಾಸ್ಟರ್ ಎನ್ನುತ್ತಾರೆ. ಅದು ಯಾರ ಕೈಯಲ್ಲಿದೆಯೋ, ಆ ರೆಕಾರ್ಡಿಂಗನ್ನು ಮತ್ತೆ ಮಾರುವ, ಸಿನಿಮಾಕ್ಕೆ ಕೊಡುವ ಹಕ್ಕು ಅವರದ್ದು. ಹಾಡು ಬರೆದವರ ಹಕ್ಕು ಬೇರೆ, ಅದು ಸಾಹಿತ್ಯ ಮತ್ತು ಟ್ಯೂನಿಗೆ ಸಂಬಂಧಿಸಿದ್ದು. ಹೀಗಾಗಿ ಒಂದೇ ಹಾಡಿಗೆ ಎರಡು ಕಡೆಯಿಂದ ದುಡ್ಡು ಬರಬಹುದು, ಎರಡು ಬೇರೆ ಮನೆಗಳಿಗೆ ಹೋಗಬಹುದು. ಮಿಚೆಲ್ ತಮ್ಮ ಹತ್ತಿರ ಉಳಿಸಿಕೊಂಡದ್ದು ರಾಯಲ್ ಸ್ಟುಡಿಯೊ. ಇಳಿಜಾರು ನೆಲ, ಗೋಣಿ ಬಟ್ಟೆ, 9ನೇ ನಂಬರಿನ ಮೈಕು ಸಮೇತ.

1980ರ ದಶಕದಲ್ಲಿ ವೇಯ್‌ಲೋ ಅಂತ ಸ್ವಂತ ಕಂಪನಿ ಶುರು ಮಾಡಿದರು, ಅದು ಹೈ ರೆಕಾರ್ಡ್ಸ್‌ನ ಮಟ್ಟಕ್ಕೆ ಏರಲಿಲ್ಲ. 2003ರಲ್ಲಿ ಗ್ರೀನ್ ಮತ್ತೆ ರಾಯಲ್‌ಗೆ ಬಂದರು. ಅದೇ ಮೈಕಿನ ಮುಂದೆ ನಿಂತು ‘ಐ ಕಾಂಟ್ ಸ್ಟಾಪ್’ ಆಲ್ಬಂ ಮಾಡಿದರು. 2008ರಲ್ಲಿ ಗ್ರ್ಯಾಮಿ ಸಂಸ್ಥೆ ಮಿಚೆಲ್‌ಗೆ ಟ್ರಸ್ಟೀಸ್ ಪ್ರಶಸ್ತಿ ಕೊಟ್ಟಿತು. 2010ರ ಜನವರಿ 5ರಂದು ಮೆಂಫಿಸ್‌ನಲ್ಲಿ ತೀರಿಕೊಂಡರು, 81 ವರ್ಷ. ಸಾಲಮನ್ ಬರ್ಕ್ ಹಾಡಿದ ‘ನಥಿಂಗ್ಸ್ ಇಂಪಾಸಿಬಲ್’ ಅವರ ಕೊನೆಯ ಕೆಲಸಗಳಲ್ಲಿ ಒಂದು, ಅವರು ಹೋದ ಮೇಲೆ ಹೊರಬಂತು. ಸ್ಟುಡಿಯೊ ಇರುವ ರಸ್ತೆಗೆ ಈಗ ವಿಲ್ಲಿ ಮಿಚೆಲ್ ಬುಲೆವಾರ್ಡ್ ಅಂತ ಹೆಸರು.

## ಇವತ್ತು ಅವರು ಎಲ್ಲೆಲ್ಲಿ ಕೇಳಿಸುತ್ತಾರೆ?

ನಿಮಗೆ ಗೊತ್ತಿಲ್ಲದೆಯೇ ಕೇಳಿರುತ್ತೀರಿ. ಹಳೆಯ ರೆಕಾರ್ಡಿನ ಒಂದು ತುಣುಕನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಬಳಸುವುದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಹಿಪ್‌ಹಾಪ್ ಮಂದಿಗೆ ಹೈ ರೆಕಾರ್ಡುಗಳು ಅಚ್ಚುಮೆಚ್ಚು. ಕಾರಣ ಸರಳ. ಅವುಗಳಲ್ಲಿ ಖಾಲಿ ಜಾಗ ಜಾಸ್ತಿ. ಡ್ರಮ್ಸು, ಬೇಸು ಬಿಡಿಬಿಡಿಯಾಗಿ ಕೇಳುತ್ತವೆ, ಕತ್ತರಿಸಲು ಸುಲಭ, ಮೇಲೆ ಇನ್ನೊಬ್ಬರು ಮಾತಾಡಲು ಸ್ಥಳವಿದೆ. 1997ರಲ್ಲಿ ಮಿಸ್ಸಿ ಎಲಿಯಟ್ ಮೊದಲ ಸೋಲೊ ಹಿಟ್ ಕೊಟ್ಟಿದ್ದು ಪೀಬಲ್ಸ್‌ರ ಮಳೆ ಹಾಡಿನ ತುಣುಕಿನ ಮೇಲೆಯೇ. 1994ರ ‘ಪಲ್ಪ್ ಫಿಕ್ಷನ್’ ಸಿನಿಮಾದಲ್ಲಿ ‘ಲೆಟ್ಸ್ ಸ್ಟೇ ಟುಗೆದರ್’ ಇದೆ. 2012ರ ಜನವರಿಯಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನಲ್ಲಿ ಅಧ್ಯಕ್ಷ ಒಬಾಮ ಅದರ ಒಂದು ಸಾಲು ಗುನುಗಿದ ವಿಡಿಯೊ ಊರೆಲ್ಲ ಓಡಾಡಿತು. ಎದುರಿಗೆ ಸಭೆಯಲ್ಲಿ ಸಾಕ್ಷಾತ್ ಆಲ್ ಗ್ರೀನ್ ಇದ್ದರು!

ರಾಯಲ್ ಕೂಡ ಮ್ಯೂಸಿಯಂ ಆಗಲಿಲ್ಲ. ಮಿಚೆಲ್‌ರ ಮೊಮ್ಮಗ, ಅವರೇ ಮಗನಾಗಿ ಸಾಕಿದ ಲಾರೆನ್ಸ್ ‘ಬೂ’ ಮಿಚೆಲ್, ಅದನ್ನು ನಡೆಸುತ್ತಿದ್ದಾರೆ. ಮಾರ್ಕ್ ರಾನ್ಸನ್ ಮತ್ತು ಬ್ರೂನೊ ಮಾರ್ಸ್ ಅವರ ‘ಅಪ್‌ಟೌನ್ ಫಂಕ್’, ಕಾಲೇಜ್ ಫೆಸ್ಟಿನಿಂದ ಮದುವೆ ಸಂಗೀತದವರೆಗೆ ಎಲ್ಲೆಡೆ ಬಾರಿಸಿದ ಹಾಡು, ಅದರ ಒಂದಷ್ಟು ಭಾಗ ರೆಕಾರ್ಡ್ ಆದದ್ದು ಇಲ್ಲೇ. 2016ರಲ್ಲಿ ಅದಕ್ಕೆ ವರ್ಷದ ರೆಕಾರ್ಡ್ ಎಂಬ ಗ್ರ್ಯಾಮಿ ಬಂದಾಗ ಎಂಜಿನಿಯರ್ ಆಗಿ ಬೂ ಅವರಿಗೂ ಪಾಲು ಸಿಕ್ಕಿತು.

## ಕೇಳಲು ಶುರು ಮಾಡುವುದಾದರೆ

ಫೋನಿನ ಸ್ಪೀಕರಿನಲ್ಲಿ ಬೇಡ, ಬೇಸು ಸತ್ತೇ ಹೋಗುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು. ‘ಲವ್ ಅಂಡ್ ಹ್ಯಾಪಿನೆಸ್’ ಹಾಕಿ. ಮೊದಲು ಟೀನಿಯ ಗಿಟಾರು, ಕಾಲಲ್ಲಿ ತಾಳ ಕುಟ್ಟುವ ಸದ್ದು, ಆಮೇಲೆ ಒಂದೊಂದಾಗಿ ಉಳಿದವರು ಬರುತ್ತಾರೆ. ಯಾರಿಗೂ ಅವಸರವಿಲ್ಲ.

ಆದರೆ ಮಿಚೆಲ್ ಎಲ್ಲರಿಗೂ ಮೆಲ್ಲಗೆ ಹಾಡು ಎಂದೇ ಹೇಳುತ್ತಿದ್ದರು ಅಂತ ತಿಳಿಯಬೇಡಿ. ಓ.ವಿ. ರೈಟ್ ಹಾಡಿದ ‘ಎ ನಿಕಲ್ ಅಂಡ್ ಎ ನೇಲ್’ ಕೇಳಿ. ಚರ್ಚಿನಿಂದ ನೇರ ಬಂದ ದನಿ, ಹರಿದುಹೋಗುವಷ್ಟು ಕೂಗು. ಅವರನ್ನು ಮಿಚೆಲ್ ತಡೆಯಲಿಲ್ಲ, ವಾದ್ಯಗಳನ್ನು ತಗ್ಗಿಸಿ ದಾರಿ ಬಿಟ್ಟುಕೊಟ್ಟರು.

ಕೊನೆಗೆ ಒಂದು ಪರೀಕ್ಷೆ ಮಾಡಿ ನೋಡಿ. ‘ಟೇಕ್ ಮಿ ಟು ದ ರಿವರ್’ ಎಂಬ ಹಾಡನ್ನು ಗ್ರೀನ್ ಮತ್ತು ಟೀನಿ ಬರೆದರು. ಗ್ರೀನ್ ಅದನ್ನು 1974ರಲ್ಲಿ ಹಾಡಿದರು. ಮರುವರ್ಷ ಮಿಚೆಲ್ ಅದೇ ಹಾಡನ್ನು ಷಿಕಾಗೋದಿಂದ ಬಂದಿದ್ದ ಸಿಲ್ ಜಾನ್ಸನ್ ಕೈಲಿ ಹಾಡಿಸಿದರು. ಪ್ರೊಡ್ಯೂಸರ್ ಅದೇ, ಸ್ಟುಡಿಯೊ ಅದೇ. ಬದಲಾದದ್ದು ಗಾಯಕರು. ಗ್ರೀನ್ ದನಿ ಜಾರುತ್ತಾ ಹೋಗುತ್ತದೆ. ಜಾನ್ಸನ್ ದನಿ ಒರಟು, ಜೊತೆಗೆ ಮೌತ್ ಆರ್ಗನ್ ಬೇರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಒಬ್ಬೊಬ್ಬರಿಗೆ ಏನು ಬಿಟ್ಟರು, ಏನು ಉಳಿಸಿದರು ಅಂತ ಗಮನಿಸಿ. ಗ್ರೀನ್ ಹಾಡಿದ್ದು ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ಬೇರೆಯಾಗಿ ಒಂದೇ ಹಾಡಿನ ರೆಕಾರ್ಡಾಗಿ, ಬರಲೇ ಇಲ್ಲ, ಜಾನ್ಸನ್ ಹಾಡಿದ್ದು ಹಿಟ್ ಆಯಿತು. ನನ್ನ ವೋಟೂ ಜಾನ್ಸನ್‌ಗೇ.